ಆದಾಮನಿಗೆ ಅಪ್ಪ-ಅಮ್ಮ ಇದ್ದರೇ?

ಪ್ರಶ್ನೆ: ನಮ್ಮದು ಶಿವಮೊಗ್ಗ ಕಡೆಯ ಕಥೋಲಿಕ ಕುಟುಂಬ. ಭಾನುವಾರದ ಪೂಜೆ ಮುಗಿದ ಮೇಲೆ ನಾನು ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಮಗಳು ದ್ವಿತೀಯ ಪಿಯುಸಿ, ಜೀವಶಾಸ್ತ್ರವೆಂದರೆ ಪ್ರಾಣ. ಜೀವವಿಕಾಸದ ಪಾಠ ಓದಿದವಳು ಒಂದು ರಾತ್ರಿ ಕೇಳಿದಳು: "ಮನುಷ್ಯರೆಲ್ಲ ಒಂದೇ ಜೋಡಿಯಿಂದ ಹುಟ್ಟಿದವರಲ್ಲವಂತೆ. ಆದಾಮ ಇರಲಿಲ್ಲ ಅಂದರೆ ಜನ್ಮಪಾಪ ಇಲ್ಲ. ಜನ್ಮಪಾಪವೇ ಇಲ್ಲ ಅಂದರೆ ಯೇಸುಸ್ವಾಮಿ ಶಿಲುಬೆ ಹೊತ್ತಿದ್ದು ಯಾಕೆ?" ನನಗೆ ಉತ್ತರ ಹೊಳೆಯಲಿಲ್ಲ. ಅದೇ ವಾರ ನೆಂಟರೊಬ್ಬರು ವಾಟ್ಸ್‌ಆಪ್‌ನಲ್ಲಿ ವಿಡಿಯೊ ಕಳಿಸಿದರು. ಭೂಮಿಗೆ ಆರು ಸಾವಿರ ವರ್ಷ, ವಿಕಾಸ ಒಪ್ಪುವವರು ಬೈಬಲ್ ಬಿಟ್ಟವರು, ಪೋಪ್ ಕೂಡ ಲೋಕದ ಜೊತೆ ರಾಜಿಯಾದರು ಎಂದೆಲ್ಲ ಅದರಲ್ಲಿತ್ತು. ಯಜಮಾನರು ಮಗಳಿಗೆ, "ಪರೀಕ್ಷೆಯಲ್ಲಿ ಪುಸ್ತಕದ್ದು ಬರಿ, ಮನಸ್ಸಿನಲ್ಲಿ ನಮ್ಮದು ಇಟ್ಕೋ" ಅಂದರು. ನನಗದು ಸರಿ ಕಾಣಲಿಲ್ಲ. ಇದರ ಮೇಲೆ, ತರಗತಿಯ ಪುಟ್ಟ ಹುಡುಗನೊಬ್ಬ "ಟೀಚರ್, ಆದಾಮನಿಗೆ ಅಪ್ಪ-ಅಮ್ಮ ಇದ್ದರಾ?" ಎಂದು ಕೇಳಿ ಕೂತಿದ್ದಾನೆ. ಏನು ಹೇಳಲಿ?

ಉತ್ತರ: ನಿಮ್ಮ ಮಗಳು ಕೈ ಹಾಕಿರುವುದು ನಿಜವಾದ ಗಂಟಿಗೇ. ಈ ವಿಷಯದಲ್ಲಿ ಹೆಚ್ಚಿನವರು ಬೈಬಲಿನ ಸೃಷ್ಟಿಕಥೆಯ "ಆರು ದಿನ" ಎಂಬಲ್ಲೇ ಗುದ್ದಾಡಿ ಸುಸ್ತಾಗುತ್ತಾರೆ, ಅವಳು ಅದನ್ನು ದಾಟಿ ಮುಂದೆ ಹೋಗಿದ್ದಾಳೆ. ಇಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಭೂಮಿಯ ವಯಸ್ಸು, ಜೀವಿಗಳು ಒಂದೇ ಮೂಲದಿಂದ ಕವಲೊಡೆದ ವಿಚಾರ, ಆಮೇಲೆ ಆದಾಮ ಮತ್ತು ಜನ್ಮಪಾಪ, ಅಂದರೆ ಅವನ ಪಾಪದಿಂದ ಎಲ್ಲ ಮನುಷ್ಯರಿಗೂ ಹುಟ್ಟಿನಿಂದಲೇ ಬರುವ ಸ್ಥಿತಿ. ಮೊದಲಿನ ಎರಡರಲ್ಲಿ ಕಥೋಲಿಕರಿಗೆ ತೊಡಕೇ ಇಲ್ಲ. ಮೂರನೆಯದರಲ್ಲಿ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಯಜಮಾನರ ಸಲಹೆಯಿಂದಲೇ ಶುರು ಮಾಡೋಣ, ಏಕೆಂದರೆ ವಿಡಿಯೊಗಿಂತ ಹೆಚ್ಚು ಹಾನಿ ಮಾಡುವುದು ಅದು. ಪರೀಕ್ಷೆಗೊಂದು ಸತ್ಯ, ಪ್ರಾರ್ಥನೆಗೊಂದು ಸತ್ಯ ಎಂದು ಕಲಿತ ಮಕ್ಕಳು ಇಪ್ಪತ್ತು ದಾಟುವಷ್ಟರಲ್ಲಿ ಎರಡರಲ್ಲೊಂದನ್ನು ಕೈಬಿಡುತ್ತಾರೆ, ಸಾಮಾನ್ಯವಾಗಿ ಪ್ರಾರ್ಥನೆಯದನ್ನೇ. ಧರ್ಮಸಭೆಯ ಬೋಧನೆಯೂ ಇದಕ್ಕೆ ವಿರುದ್ಧ. 1992ರ ಧರ್ಮೋಪದೇಶ ಗ್ರಂಥದ 159ನೇ ಪರಿಚ್ಛೇದ, ವಿಶ್ವಾಸಕ್ಕೂ ಬುದ್ಧಿಗೂ ನಿಜವಾದ ವೈರ ಇರಲಾರದು, ಎರಡನ್ನೂ ಕೊಟ್ಟವನು ಒಬ್ಬನೇ ದೇವರು ಎನ್ನುತ್ತದೆ. ಇದು 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ ಹೇಳಿದ ಮಾತು, ಹೊಸ ಪೋಪರ ಉದಾರತೆಯಲ್ಲ.

ಇನ್ನು ವಿಡಿಯೊ. ಆರು ಸಾವಿರ ವರ್ಷದ ಲೆಕ್ಕದಲ್ಲಿ ಹೆಸರಾದದ್ದು ಕ್ರಿಸ್ತಪೂರ್ವ 4004 ಎಂಬ ಇಸವಿ. ಅದನ್ನು ಹಾಕಿದವರು 17ನೇ ಶತಮಾನದ ಐರ್ಲೆಂಡಿನ ಆಂಗ್ಲಿಕನ್ ಆರ್ಚ್‌ಬಿಷಪ್ ಜೇಮ್ಸ್ ಅಷರ್, ಕಥೋಲಿಕರಲ್ಲ. ಹಾಗೆಂದು ನಮ್ಮವರು ಇಂಥ ಲೆಕ್ಕವನ್ನೇ ಹಾಕಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕ್ರಿಸ್ಮಸ್ ರಾತ್ರಿ ಹಾಡುವ ಕ್ರಿಸ್ತಜನನ ಘೋಷಣೆಯ ಹಳೆಯ ಪಠ್ಯದಲ್ಲಿ "ಜಗತ್ತಿನ ಸೃಷ್ಟಿಯಾಗಿ 5199ನೇ ವರ್ಷದಲ್ಲಿ" ಎಂದಿತ್ತು. ಈಗಿನ ಪಠ್ಯದಲ್ಲಿ ಆ ಅಂಕಿ ಇಲ್ಲ, "ಎಣಿಕೆಗೆ ಸಿಗದಷ್ಟು ಯುಗಗಳು ಕಳೆದ ಬಳಿಕ" ಎಂಬ ಅರ್ಥದ ಮಾತಿದೆ. ಯಾವ ಗದ್ದಲವೂ ಇಲ್ಲದೆ ಅಂಕಿ ಬಿಟ್ಟುಹೋಯಿತು, ಯಾವ ಸಿದ್ಧಾಂತವೂ ಕುಸಿಯಲಿಲ್ಲ. ಅದು ಎಂದೂ ವಿಶ್ವಾಸದ ಸತ್ಯವಾಗಿರಲಿಲ್ಲ, ಆ ಕಾಲದವರ ಕಾಲಗಣನೆಯಾಗಿತ್ತು ಅಷ್ಟೆ. ಇವತ್ತಿನ ಅಳತೆಯಲ್ಲಿ ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ, ಭೂಮಿಗೆ ಸುಮಾರು 454 ಕೋಟಿ.

ಡಾರ್ವಿನ್ನನ ಪುಸ್ತಕವನ್ನು ರೋಮ್ ನಿಷೇಧಿಸಿತ್ತು ಎಂಬುದು ಇನ್ನೊಂದು ಕಟ್ಟುಕಥೆ. 1859ರ ಆ ಗ್ರಂಥ ವ್ಯಾಟಿಕನ್ನಿನ ನಿಷಿದ್ಧ ಪುಸ್ತಕಗಳ ಪಟ್ಟಿಗೆ ಸೇರಲೇ ಇಲ್ಲ. ಸೇರಿದ್ದು ಅವನ ಅಜ್ಜ ಎರಾಸ್ಮಸ್ ಡಾರ್ವಿನ್ನನ ಒಂದು ಕೃತಿ. ಆದರೆ ಎಲ್ಲವೂ ನಗುನಗುತ್ತಲೇ ನಡೆಯಿತು ಎಂದೂ ಹೇಳಬೇಡಿ. 1860ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ಸೇರಿದ ಬಿಷಪರ ಪ್ರಾಂತೀಯ ಸಭೆ, ಮನುಷ್ಯದೇಹ ವಿಕಾಸದಿಂದ ಬಂತೆನ್ನುವುದು ಬೈಬಲಿಗೆ ವಿರುದ್ಧ ಎಂದು ಘೋಷಿಸಿತ್ತು. 1890ರ ದಶಕದಲ್ಲಿ ವಿಕಾಸವನ್ನು ಒಪ್ಪಿ ಬರೆದ ಫ್ರಾನ್ಸಿನ ಲೆರುವಾ, ಅಮೆರಿಕದ ಜಾಮ್ ಎಂಬ ಇಬ್ಬರು ಗುರುಗಳ (ಪಾದ್ರಿಗಳ) ಮೇಲೆ ರೋಮ್‌ನಿಂದಲೇ ಒತ್ತಡ ಬಂತು. ಇದನ್ನೆಲ್ಲ ನಿಮ್ಮ ಮಗಳು ಇಂದಲ್ಲ ನಾಳೆ ಮೊಬೈಲಿನಲ್ಲಿ ಓದುತ್ತಾಳೆ. ಮೊದಲು ನಿಮ್ಮ ಬಾಯಿಂದ ಕೇಳಿದರೆ ಒಳ್ಳೆಯದು.

ಪೋಪ್ ರಾಜಿಯಾದರು ಎಂಬ ಮಾತಿಗೆ ಇಸವಿಗಳೇ ಉತ್ತರ. 1950ರ "ಹ್ಯೂಮಾನಿ ಜೆನೆರಿಸ್" ಎಂಬ ವಿಶ್ವಪರಿಪತ್ರದಲ್ಲಿ ಹನ್ನೆರಡನೇ ಪಿಯೂಸ್, ಮನುಷ್ಯನ ದೇಹ ಮೊದಲೇ ಇದ್ದ ಜೀವವಸ್ತುವಿನಿಂದ ಬಂದಿರಬಹುದೇ ಎಂಬ ಸಂಶೋಧನೆಗೆ ಅಡ್ಡಿಯಿಲ್ಲ, ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದರು. 1996ರಲ್ಲಿ ಎರಡನೇ ಜಾನ್ ಪಾಲ್, ವಿಕಾಸ ಸಿದ್ಧಾಂತ ಬರೀ ಊಹೆಗಿಂತ ಹೆಚ್ಚಿನದು ಎಂದು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ಬರೆದರು. 2004ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಭೂಮಿಯ ಜೀವಿಗಳೆಲ್ಲ ಒಂದೇ ಮೂಲಜೀವಿಯಿಂದ ಬಂದವು ಎಂಬುದು ಬಹುತೇಕ ಖಚಿತ ಎಂದು ಒಪ್ಪಿಕೊಂಡಿತು. 2014ರಲ್ಲಿ ಫ್ರಾನ್ಸಿಸ್, ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂದದ್ದು ಸುದ್ದಿಯಾಯಿತು. ಹೊಸದೇನನ್ನೂ ಅವರು ಹೇಳಿರಲಿಲ್ಲ.

ಇದರ ಇನ್ನೊಂದು ತುದಿಯೂ ಇದೆ. ವಿಕಾಸವನ್ನು ನಂಬಲೇಬೇಕು ಎಂದು ಧರ್ಮಸಭೆ ಯಾರಿಗೂ ವಿಧಿಸಿಲ್ಲ. ವಿಜ್ಞಾನವನ್ನು ಸಿದ್ಧಾಂತವಾಗಿ ಸಾರುವುದು ಅದರ ಕೆಲಸವಲ್ಲ. ವಿಡಿಯೊ ಕಳಿಸಿದ ನಿಮ್ಮ ನೆಂಟರು ಧರ್ಮದ್ರೋಹಿಗಳಲ್ಲ, ಜೀವಶಾಸ್ತ್ರದಲ್ಲಿ ತಪ್ಪಿದ್ದಾರೆ ಅಷ್ಟೆ. ಜಗಳವಾಡಬೇಡಿ.

"ಆರು ದಿನ"ಕ್ಕೆ ತರಗತಿಯಲ್ಲಿ ಅರ್ಧ ಗಂಟೆ ಸಾಕು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 1 ಮತ್ತು 2ನೇ ಅಧ್ಯಾಯಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ಯಾವುದರ ನಂತರ ಬಂತು ಎಂದು ಮಕ್ಕಳಿಂದಲೇ ಬೋರ್ಡಿನ ಮೇಲೆ ಬರೆಸಿ. ಮೊದಲ ಅಧ್ಯಾಯದಲ್ಲಿ ಗಿಡಮರ, ಆಮೇಲೆ ಪ್ರಾಣಿ, ಕೊನೆಗೆ ಗಂಡು-ಹೆಣ್ಣು ಒಟ್ಟಿಗೆ. ಎರಡನೆಯದರಲ್ಲಿ ಮೊದಲು ಗಂಡಸು, ಆಮೇಲೆ ಮರಗಳು, ಆಮೇಲೆ ಪ್ರಾಣಿಗಳು, ಕಡೆಗೆ ಹೆಂಗಸು. ಬೆಳಕು ಮೊದಲ ದಿನ, ಸೂರ್ಯ ನಾಲ್ಕನೇ ದಿನ. ಈ ಎರಡನ್ನು ಪಕ್ಕಪಕ್ಕ ಹೊಲಿದಿಟ್ಟವರಿಗೆ ಇದು ಕಾಣಲಿಲ್ಲವೇ? ಕಂಡಿತ್ತು. ಅವರು ದಿನಚರಿ ಬರೆಯುತ್ತಿರಲಿಲ್ಲ. ಮೊದಲ ಮೂರು ದಿನ ಮನೆ ಕಟ್ಟುವುದು, ಮುಂದಿನ ಮೂರು ದಿನ ಒಕ್ಕಲು ತುಂಬುವುದು. ಬೆಳಕು-ಕತ್ತಲೆಗೆ ದೀಪಗಳು, ಆಕಾಶ-ನೀರಿಗೆ ಹಕ್ಕಿ ಮೀನು, ನೆಲಕ್ಕೆ ಪ್ರಾಣಿ ಮತ್ತು ಮನುಷ್ಯ. ಸೂರ್ಯಚಂದ್ರರನ್ನು ಹೆಸರಿಡಿದು ಕರೆಯದೆ "ದೊಡ್ಡ ದೀಪ, ಚಿಕ್ಕ ದೀಪ" ಎಂದಿರುವುದನ್ನು ತೋರಿಸಿ. ನೆರೆಯ ಬಾಬಿಲೋನಿನಲ್ಲಿ ಅವು ದೇವರುಗಳು. ಅಲ್ಲಿಯ ಸೃಷ್ಟಿಕಥೆಯಲ್ಲಿ ಸೋತ ದೇವತೆಯ ಹೆಣದಿಂದ ಜಗತ್ತು, ಕೊಲ್ಲಲ್ಪಟ್ಟ ದೇವನ ರಕ್ತದಿಂದ ಚಾಕರಿಗಾಗಿ ಮನುಷ್ಯ. ಆದಿಕಾಂಡ ವಾದ ಹೂಡಿರುವುದು ಅಂಥ ಕಥೆಗಳ ಜೊತೆ, ಡಾರ್ವಿನ್ ಜೊತೆಗಲ್ಲ.

ಇಲ್ಲಿ ಒಂದು ಜಾರುಬಂಡೆ ಇದೆ, ಒಳ್ಳೆಯ ಉಪದೇಶಿಗಳೂ ಜಾರುತ್ತಾರೆ. "ಒಂದು ದಿನ ಅಂದರೆ ಒಂದು ಯುಗ, ನೋಡಿ ವಿಜ್ಞಾನವೂ ಹಾಗೇ ಹೇಳುತ್ತೆ" ಎಂದು ಹೊಂದಿಸುವ ಚಪಲ. ಬೇಡ. ಆದಿಕಾಂಡದಲ್ಲಿ ಹಣ್ಣಿನ ಮರ ಮೀನಿಗಿಂತ ಮೊದಲು, ಹಕ್ಕಿ ನೆಲದ ಪ್ರಾಣಿಗಿಂತ ಮೊದಲು. ಪಳೆಯುಳಿಕೆಗಳಲ್ಲಿ ಎರಡೂ ತಿರುಗುಮುರುಗು. ಪಿಯುಸಿ ಹುಡುಗಿ ಇದನ್ನು ಐದು ನಿಮಿಷದಲ್ಲಿ ಹಿಡಿದುಹಾಕುತ್ತಾಳೆ. ಸಾಕ್ಷಾತ್ ಪೋಪರಿಗೇ ಈ ಚಪಲ ಬಂದದ್ದುಂಟು. 1951ರಲ್ಲಿ ಹನ್ನೆರಡನೇ ಪಿಯೂಸ್ ಮಹಾಸ್ಫೋಟಕ್ಕೂ "ಬೆಳಕಾಗಲಿ" ಎಂಬ ಮಾತಿಗೂ ನಂಟು ಕಟ್ಟಿ ಭಾಷಣ ಮಾಡಿದಾಗ ಕಸಿವಿಸಿಗೊಂಡವರು ಆ ಸಿದ್ಧಾಂತದ ಜನಕ ಜಾರ್ಜ್ ಲಮೇತ್ರ್, ಬೆಲ್ಜಿಯಮ್ಮಿನ ಕಥೋಲಿಕ ಗುರು. ತನ್ನ ಸಮೀಕರಣ ನಾಳೆ ಬಿದ್ದುಹೋದರೆ ಅದರ ಜೊತೆ ವಿಶ್ವಾಸವೂ ಬೀಳಬಾರದು ಎಂಬ ಎಚ್ಚರ ಅವರಿಗಿತ್ತು. ಮುಂದಿನ ವರ್ಷ ಖಗೋಳ ವಿಜ್ಞಾನಿಗಳೆದುರು ಮಾತಾಡಿದ ಪೋಪ್ ಆ ನಂಟನ್ನು ಎತ್ತಲಿಲ್ಲ. ಅಂದಹಾಗೆ, "ಲಮೇತ್ರ್ ಗುರು, ಮೆಂಡೆಲ್ ಸಂನ್ಯಾಸಿ, ಆದ್ದರಿಂದ ಧರ್ಮವೂ ವಿಜ್ಞಾನವೂ ಒಂದೇ" ಎಂಬ ವಾದವನ್ನೂ ಮಿತವಾಗಿ ಬಳಸಿ. ಇಬ್ಬರು ದೊಡ್ಡವರ ತಲೆಯಲ್ಲಿ ಎರಡೂ ಇದ್ದವು ಎಂಬುದಷ್ಟೇ ಅದರಿಂದ ಸಿಗುವ ತೀರ್ಮಾನ.

ಹಾಗಾದರೆ ಎರಡೂ ಹೊಂದುವುದು ಎಲ್ಲಿ? 139ನೇ ಕೀರ್ತನೆಯಲ್ಲಿ ಭಕ್ತ, ತಾಯಿಯ ಗರ್ಭದಲ್ಲಿ ನನ್ನನ್ನು ಹೆಣೆದವನು ನೀನೇ ಎಂದು ದೇವರಿಗೆ ಹೇಳುತ್ತಾನೆ. ನಾವು ಅದನ್ನು ಪೂರ್ಣ ಮನಸ್ಸಿನಿಂದ ಹಾಡುತ್ತೇವೆ, ಮರುದಿನ ಸ್ಕ್ಯಾನಿಂಗಿಗೂ ಹೋಗುತ್ತೇವೆ. ಭ್ರೂಣಶಾಸ್ತ್ರ ಬಂದದ್ದರಿಂದ ಕೀರ್ತನೆ ಸುಳ್ಳಾಯಿತು ಎಂದು ಯಾರಿಗೂ ಅನ್ನಿಸಿಲ್ಲ. ದೇವರು ಒಂದಿಷ್ಟು ಜೀವಕೋಶ ಹೆಣೆದರು, ಮಿಕ್ಕಿದ್ದು ಪ್ರಕೃತಿ ಹೆಣೆಯಿತು ಎಂದು ಪಾಲು ಹಾಕುವುದೂ ಇಲ್ಲ. ಪೂರ್ತಿ ದೇವರದು, ಪೂರ್ತಿ ಪ್ರಕೃತಿಯದು. ಇದನ್ನೇ 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಆದಿಕಾರಣ, ಉಪಕಾರಣ ಎಂದು ಬಿಡಿಸಿಟ್ಟರು. ಸೃಷ್ಟಿ ಎಂದರೆ ಹಿಂದೆಂದೋ ನಡೆದು ಮುಗಿದ ತಯಾರಿಕೆಯಲ್ಲ, ಇರುವುದೆಲ್ಲ ಇರುವಂತೆ ಈ ಕ್ಷಣವೂ ಹಿಡಿದಿಡುವುದು. ಒಂದು ಮಗುವಿನ ವಿಷಯದಲ್ಲಿ ಒಪ್ಪಿಕೊಂಡದ್ದನ್ನು ಒಂದು ಜೀವಿಜಾತಿಯ ವಿಷಯದಲ್ಲಿ ಒಪ್ಪಲು ಹೊಸ ತತ್ತ್ವವೇನೂ ಬೇಕಿಲ್ಲ.

"ಆದರೆ ವಿಕಾಸ ಆಕಸ್ಮಿಕವಲ್ಲವೇ?" ಎಂದು ಅವಳು ಕೇಳಿಯೇ ಕೇಳುತ್ತಾಳೆ. ಜೀವಶಾಸ್ತ್ರದಲ್ಲಿ ಉತ್ಪರಿವರ್ತನೆ (ವಂಶವಾಹಿಯಲ್ಲಾಗುವ ಬದಲಾವಣೆ) ಆಕಸ್ಮಿಕ ಎಂದರೆ ಅದು ಜೀವಿಯ ಅಗತ್ಯ ನೋಡಿಕೊಂಡು ಬರುವುದಿಲ್ಲ ಎಂದಷ್ಟೇ ಅರ್ಥ. ಬರಗಾಲ ಬಂತೆಂದು ಗಿಡದಲ್ಲಿ ಬರ ತಡೆಯುವ ಬದಲಾವಣೆಯೇ ಹುಟ್ಟಬೇಕೆಂದಿಲ್ಲ. "ಇದಕ್ಕೆ ಯಾವ ಉದ್ದೇಶವೂ ಇಲ್ಲ" ಎಂಬುದು ಬೇರೆಯದೇ ಹೇಳಿಕೆ, ತತ್ತ್ವಶಾಸ್ತ್ರದ್ದು. ಸೂಕ್ಷ್ಮದರ್ಶಕದಲ್ಲಿ ಅದು ಕಾಣುವುದಿಲ್ಲ, ಅದರ ವಿರುದ್ಧವೂ ಕಾಣುವುದಿಲ್ಲ. ಇದೇ ಕಾರಣಕ್ಕೆ "ವಿಜ್ಞಾನಕ್ಕೆ ಇನ್ನೂ ಇದು ಗೊತ್ತಿಲ್ಲ, ಆದ್ದರಿಂದ ದೇವರು" ಎಂಬ ದಾರಿ ಹಿಡಿಯಬೇಡಿ. ಬ್ಯಾಕ್ಟೀರಿಯಾದ ಚಾಟಿಬಾಲ ತಾನಾಗಿ ವಿಕಾಸವಾಗಲು ಸಾಧ್ಯವೇ ಇಲ್ಲ ಎಂಬ ವಾದ 2005ರಲ್ಲಿ ಅಮೆರಿಕದ ಡೋವರ್ ಶಾಲಾ ಮೊಕದ್ದಮೆಯಲ್ಲಿ ನ್ಯಾಯಾಲಯದಲ್ಲೇ ಬಿದ್ದುಹೋಯಿತು. ಅದರ ವಿರುದ್ಧ ಸಾಕ್ಷಿ ನುಡಿದವರಲ್ಲಿ ಮೊದಲಿಗರು ಕೆನೆತ್ ಮಿಲ್ಲರ್ ಎಂಬ ಕಥೋಲಿಕ ಜೀವಶಾಸ್ತ್ರಜ್ಞ.

ಒಂದೇ ಮೂಲದ ವಿಚಾರ ಎಷ್ಟು ಗಟ್ಟಿ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬಹುತೇಕ ಸಸ್ತನಿಗಳು ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳುತ್ತವೆ. ನಮ್ಮಲ್ಲಿ ಅದಕ್ಕೆ ಬೇಕಾದ ವಂಶವಾಹಿ ಇದೆ, ಆದರೆ ಕೆಟ್ಟುಹೋಗಿದೆ. ಚಿಂಪಾಂಜಿಯಲ್ಲೂ ಕೆಟ್ಟಿದೆ, ಅದೇ ರೀತಿಯಲ್ಲಿ. ಗಿನಿಯಿಲಿಯಲ್ಲೂ ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ. ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಒಂದೇ ಕಾಗುಣಿತ ತಪ್ಪು ಒಂದೇ ಜಾಗದಲ್ಲಿ ಇದ್ದರೆ ಮೇಷ್ಟ್ರು ಏನು ತೀರ್ಮಾನಿಸುತ್ತಾರೋ ಇಲ್ಲೂ ಅದೇ. ಚಿಂಪಾಂಜಿ ನಮ್ಮ ಅಜ್ಜನಲ್ಲ, ದಾಯಾದಿ. ಕವಲೊಡೆದು ಅರವತ್ತು-ಎಪ್ಪತ್ತು ಲಕ್ಷ ವರ್ಷ.

ಈಗ ಆ ಗಂಟು. ನಿಮ್ಮ ಮಗಳು ಓದಿದ್ದು ಸರಿ. ಇಂದಿನ ಮನುಷ್ಯರಲ್ಲಿರುವ ವಂಶವಾಹಿ ವೈವಿಧ್ಯವನ್ನು ಲೆಕ್ಕ ಹಾಕಿದರೆ ನಮ್ಮ ಪೂರ್ವಜರ ಗುಂಪು ಇಬ್ಬರಿಗೆ ಇಳಿದಂತೆ ಕಾಣುವುದಿಲ್ಲ. ಸಂತಾನ ಬೆಳೆಸಿದವರ ಸಂಖ್ಯೆ ಹತ್ತು ಸಾವಿರದ ಆಸುಪಾಸು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಸುಮಾರು ಐದು ಲಕ್ಷ ವರ್ಷಕ್ಕಿಂತ ಈಚೆಗೆ ಒಂದೇ ಜೋಡಿ ಇತ್ತೆನ್ನಲು ಜಾಗವಿಲ್ಲ, ಅದಕ್ಕೂ ಹಿಂದೆ ದತ್ತಾಂಶ ಮಸುಕಾಗುತ್ತದೆ. "ಮೈಟೊಕಾಂಡ್ರಿಯಾದ ಹವ್ವ" ಸಿಕ್ಕಿದಳಲ್ಲ ಎಂದು ಯಾರಾದರೂ ಹಿಗ್ಗಿದರೆ ತಡೆಯಿರಿ. ಅವಳು ಮೊದಲ ಹೆಣ್ಣಲ್ಲ, ಆಗ ಇದ್ದ ಒಬ್ಬಳೇ ಹೆಣ್ಣೂ ಅಲ್ಲ. ತಾಯಿಯಿಂದ ಮಗಳಿಗೆ ಹೋಗುವ ಎಳೆ ಇಂದಿನವರೆಗೆ ಕಡಿಯದೆ ಬಂದದ್ದು ಅವಳೊಬ್ಬಳದು.

ಇತ್ತ ಧರ್ಮಸಭೆಯ ಕಡೆ, "ಹ್ಯೂಮಾನಿ ಜೆನೆರಿಸ್"ನ 37ನೇ ಪರಿಚ್ಛೇದ ಹಲವು ಆದಿಪುರುಷರಿದ್ದರು ಎಂಬ ಅಭಿಪ್ರಾಯವನ್ನು ಕಥೋಲಿಕರು ಹಿಡಿಯಬಾರದು ಎನ್ನುತ್ತದೆ. ಕಾರಣವನ್ನೂ ಕೊಡುತ್ತದೆ: ಜನ್ಮಪಾಪದ ಬೋಧನೆಯೊಂದಿಗೆ ಅದು ಹೇಗೆ ಹೊಂದುತ್ತದೆ ಎಂಬುದು ಯಾವ ರೀತಿಯಲ್ಲೂ ಕಾಣುತ್ತಿಲ್ಲ. ಹೊಂದಲಾರದು ಎಂದಿಲ್ಲ, ಕಾಣುತ್ತಿಲ್ಲ ಎಂದಿದೆ. ಈ ಒಂದು ಕ್ರಿಯಾಪದದ ಮೇಲೆ ದೈವಶಾಸ್ತ್ರಜ್ಞರು ಎಪ್ಪತ್ತೈದು ವರ್ಷದಿಂದ ವಾದಿಸುತ್ತಿದ್ದಾರೆ.

ಮುಂದಿರುವ ದಾರಿಗಳು ಮುಖ್ಯವಾಗಿ ಮೂರು. ಒಂದು, ಸಾವಿರಾರು ಜನರ ಗುಂಪಿನೊಳಗೆ ದೇವರು ಇಬ್ಬರಿಗೆ ವಿವೇಕವುಳ್ಳ ಆತ್ಮ ಕೊಟ್ಟು ತಮ್ಮ ಸ್ನೇಹಕ್ಕೆ ಕರೆದರು, ಅವರ ಸಂತತಿ ಕ್ರಮೇಣ ಎಲ್ಲರೊಡನೆ ಬೆರೆತು, ಇಂದಿನ ಪ್ರತಿಯೊಬ್ಬರೂ ಅವರ ವಂಶಸ್ಥರಾದರು. 2011ರಲ್ಲಿ ತತ್ತ್ವಶಾಸ್ತ್ರಜ್ಞ ಕೆನೆತ್ ಕೆಂಪ್ ಇದನ್ನು ವಿವರವಾಗಿ ಮಂಡಿಸಿದರು. ಇದು ಕಣ್ಕಟ್ಟಿನಂತೆ ಕಂಡರೂ ಲೆಕ್ಕ ಸರಿಯಿದೆ. ವಂಶಾವಳಿ ಬೇರೆ, ವಂಶವಾಹಿ ಬೇರೆ. ಹಿಂದಕ್ಕೆ ಹೋದಂತೆ ಪೂರ್ವಜರು 2, 4, 8 ಎಂದು ಇಮ್ಮಡಿಸುತ್ತಾರೆ, ಮೂವತ್ತು ತಲೆಮಾರಿಗೆ ಸಂಖ್ಯೆ ನೂರು ಕೋಟಿ ದಾಟುತ್ತದೆ. ಅಷ್ಟು ಜನ ಆಗ ಭೂಮಿಯ ಮೇಲೆಯೇ ಇರಲಿಲ್ಲವಾದ್ದರಿಂದ ಎಲ್ಲರ ವಂಶವೃಕ್ಷಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಜೋಡಿ ಎಲ್ಲರ ಪೂರ್ವಜರಾಗಿದ್ದೂ ಏಕೈಕ ಪೂರ್ವಜರಾಗಿರಬೇಕಿಲ್ಲ. ವಿಜ್ಞಾನಕ್ಕೂ ಪರಿಪತ್ರಕ್ಕೂ ಏಕಕಾಲದಲ್ಲಿ ನಿಷ್ಠೆ ಉಳಿಸಿಕೊಳ್ಳುವ ದಾರಿ ಇದೇ. ತೊಂದರೆಯೂ ಇದೆ. ಆರಂಭದಲ್ಲಿ ಆತ್ಮವಿದ್ದವರೂ ವಿವೇಕದ ಆತ್ಮವಿಲ್ಲದವರೂ ಒಂದೇ ಮೈಕಟ್ಟಿನಲ್ಲಿ ಸಂಸಾರ ಮಾಡಿದರು ಎಂದಾಗುತ್ತದೆ. ಅದನ್ನು ಊಹಿಸಿಕೊಂಡರೆ ಇರಿಸುಮುರಿಸಾಗುವುದು ಸಹಜ.

ಎರಡನೆಯ ದಾರಿಯಲ್ಲಿ ಆದಾಮ ಎಂದರೆ ಆದಿ ಮಾನವ ಸಮುದಾಯ. ಹೀಬ್ರೂನಲ್ಲಿ ಆ ಪದಕ್ಕೆ "ಮನುಷ್ಯ" ಎಂದೇ ಅರ್ಥ. ಜರ್ಮನ್ ದೈವಶಾಸ್ತ್ರಜ್ಞ ಕಾರ್ಲ್ ರಾಹ್ನರ್ ಮೊದಲು ಒಂದೇ ಜೋಡಿಯ ಪರ ವಾದಿಸಿ, 1960ರ ದಶಕದಲ್ಲಿ ಮನಸ್ಸು ಬದಲಿಸಿ ಇತ್ತ ಬಂದರು. ವಿಜ್ಞಾನದ ಕಡೆಯಿಂದ ಇದು ಸಲೀಸು. ಆದರೆ 1546ರ ಟ್ರೆಂಟ್ ಮಹಾಸಭೆ, ಆದಾಮನ ಪಾಪ ಮೂಲದಲ್ಲಿ ಒಂದೇ, ಅದು ಅನುಕರಣೆಯಿಂದಲ್ಲ ಸಂತತಿಯಿಂದ ಬರುತ್ತದೆ ಎಂದಿದೆ. ಗುಂಪಿಗೆ ಗುಂಪೇ ಪಾಪಕ್ಕೆ ಹೇಗೆ ಬಿದ್ದಿತು ಎಂಬುದಕ್ಕೆ ತೃಪ್ತಿಕರ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಮೂರನೆಯದು, ಆ ಜೋಡಿಯನ್ನು ಐದು ಲಕ್ಷ ವರ್ಷಕ್ಕೂ ಹಿಂದಕ್ಕೆ ತಳ್ಳುವುದು. ಆಗ ಆದಾಮ ನಮ್ಮ ಜೀವಿಜಾತಿಯವನೇ ಅಲ್ಲ, ಏಕೆಂದರೆ ಹೋಮೊ ಸೇಪಿಯನ್ಸ್‌ನ ಪಳೆಯುಳಿಕೆಗಳು ಸುಮಾರು ಮೂರು ಲಕ್ಷ ವರ್ಷದಿಂದ ಈಚಿನವು. ನನಗೆ ಮೊದಲನೆಯ ದಾರಿ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ. ಧರ್ಮಸಭೆ ಮಾತ್ರ ಮೂರರಲ್ಲಿ ಯಾವುದಕ್ಕೂ ಮುದ್ರೆ ಒತ್ತಿಲ್ಲ. ಅದು ಕಟ್ಟುನಿಟ್ಟಾಗಿ ಹಿಡಿದಿರುವುದು ಧರ್ಮೋಪದೇಶ ಗ್ರಂಥದ 390ನೇ ಪರಿಚ್ಛೇದದಲ್ಲಿದೆ: ಆದಾಮ-ಹವ್ವರ ಪತನದ ಕಥೆ ಸಾಂಕೇತಿಕ ಭಾಷೆಯಲ್ಲಿದೆ, ಆದರೆ ಮನುಷ್ಯ ಇತಿಹಾಸದ ಆದಿಯಲ್ಲಿ ನಡೆದ ನಿಜ ಘಟನೆಯನ್ನು ಅದು ಹೇಳುತ್ತದೆ. ಹಾವು, ಹಣ್ಣು ಸಾಂಕೇತಿಕ. ದೇವರಿಗೆ "ಇಲ್ಲ" ಎಂದದ್ದು ನಿಜ.

ಜನ್ಮಪಾಪ ವಂಶವಾಹಿಯಲ್ಲಿ ಬರುವ ಕಾಯಿಲೆ ಎಂಬ ಚಿತ್ರ ನಿಮ್ಮ ತರಗತಿಯಲ್ಲಿದ್ದರೆ ಅದನ್ನು ಮೊದಲು ಅಳಿಸಿ. 404ನೇ ಪರಿಚ್ಛೇದದ ಪ್ರಕಾರ ಅದು ನಾವು ಮಾಡಿದ ಪಾಪವಲ್ಲ, ನಮಗೆ ಬಂದ ಸ್ಥಿತಿ, ಒಂದು ಇಲ್ಲಮೆ. ಅಪ್ಪ ಕಳೆದ ಆಸ್ತಿ ಮಕ್ಕಳಿಗೆ ಇಲ್ಲವಾಗುತ್ತದಲ್ಲ, ಹಾಗೆ. ಸಾವಿನ ಪ್ರಶ್ನೆಯೂ ಬಂದೀತು. ಪಾಪಕ್ಕೆ ಮುಂಚೆಯೇ ಪ್ರಾಣಿಗಳು ಸಾಯುತ್ತಿದ್ದವಲ್ಲ? ಮನುಷ್ಯನ ಪಾಪದಿಂದ ಪ್ರಾಣಿಗಳ ಸ್ವಭಾವ ಬದಲಾಗಲಿಲ್ಲ, ಸಿಂಹ ಆಗ ಹುಲ್ಲು ತಿನ್ನುತ್ತಿತ್ತು ಎನ್ನುವುದು ಯುಕ್ತವಲ್ಲ ಎಂದು ಅಕ್ವಿನಾಸ್ ಆಗಲೇ ಬರೆದಿದ್ದಾರೆ. ಕೋಟ್ಯಂತರ ವರ್ಷಗಳ ಆ ನೋವು ಯಾಕೆ ಎಂಬುದು ಮಾತ್ರ ಇದರಿಂದ ತೀರುವುದಿಲ್ಲ. ತೀರಿತು ಎಂದು ಅವಳಿಗೆ ಹೇಳಬೇಡಿ.

ಇನ್ನು ಮಗಳ ಸರಪಳಿ: ಆದಾಮ ಇಲ್ಲ, ಜನ್ಮಪಾಪ ಇಲ್ಲ, ಶಿಲುಬೆ ಬೇಕಿಲ್ಲ. ಕೊಂಡಿಗಳು ಗಟ್ಟಿಯಾಗಿವೆ, ಆದರೆ ಸರಪಳಿಯನ್ನು ತೂಗುಹಾಕಿದ್ದು ತಪ್ಪು ತುದಿಯಿಂದ. ಶಿಷ್ಯರು ಮೊದಲು ಆದಾಮನನ್ನು ನಂಬಿ, ಅವನಿಗೆ ಪರಿಹಾರವಾಗಿ ಕ್ರಿಸ್ತನನ್ನು ಹುಡುಕಲಿಲ್ಲ. ಎದ್ದುಬಂದ ಯೇಸುಸ್ವಾಮಿಯನ್ನು ಕಂಡರು, ಇವರು ಎಲ್ಲರನ್ನೂ ಬಿಡಿಸಿದರು ಎಂದರಿತರು, ಆಮೇಲೆ ಸಂತ ಪೌಲರು ಹಿಂದಕ್ಕೆ ತಿರುಗಿ "ಹಾಗಾದರೆ ಎಲ್ಲರೂ ಯಾವುದರಲ್ಲಿ ಸಿಕ್ಕಿಬಿದ್ದಿದ್ದೆವು?" ಎಂದು ಕೇಳಿಕೊಂಡರು. ಅಲ್ಲಿ ಬಂದ ಆದಾಮ. 388 ಮತ್ತು 389ನೇ ಪರಿಚ್ಛೇದಗಳು ಇದನ್ನೇ ಹೇಳುತ್ತವೆ: ಜನ್ಮಪಾಪದ ಬೋಧನೆ ಶುಭಸಂದೇಶದ ಹಿಂಬದಿ. ಮನುಷ್ಯನಿಗೆ ಬಿಡುಗಡೆ ಬೇಕು ಎಂಬುದಕ್ಕೆ ಪಳೆಯುಳಿಕೆ ಬೇಕಿಲ್ಲ, ಬೆಳಗಿನ ಪತ್ರಿಕೆ ಸಾಕು. ಆದಾಮನ ವಿವರ ಇನ್ನೂ ಬಗೆಹರಿಯದಿದ್ದರೂ ಶಿಲುಬೆ ಅಲುಗುವುದಿಲ್ಲ, ಅದು ಅವನ ಮೇಲೆ ನಿಂತಿಲ್ಲ.

ಅವಳೊಡನೆ ಕೂತು ಓದಲು ಧರ್ಮೋಪದೇಶ ಗ್ರಂಥದ 283-284, 337, 362ರಿಂದ 368, 388ರಿಂದ 390 ಮತ್ತು 404ನೇ ಪರಿಚ್ಛೇದಗಳು ಸಾಕು. ಒಂದೇ ಸಂಜೆಗೆ ಮುಗಿಸಬೇಡಿ. ಪರೀಕ್ಷೆಯಲ್ಲಿ ಅವಳು ಪುಸ್ತಕದ್ದನ್ನೇ ಬರೆಯಲಿ, ಮನಸ್ಸಿನಲ್ಲೂ ಅದನ್ನೇ ಇಟ್ಟುಕೊಳ್ಳಲಿ.

ಆ ಪುಟ್ಟ ಹುಡುಗನಿಗೆ ಇಷ್ಟು ಹೇಳಿ: ಇದ್ದಿರಬಹುದು ಕಂದಾ. ಆದರೆ ದೇವರ ಜೊತೆ ಮಾತಾಡಲು ಅವರಿಗೆ ಬರುತ್ತಿರಲಿಲ್ಲ, ಆದಾಮನಿಗೆ ಬರುತ್ತಿತ್ತು.